ಕರ್ಪೂರದ ವಾಸನೆ ಹೊಡೆದ ಗಿಟಾರ್

ಅಕ್ಟೋಬರ್ ತಿಂಗಳ ಎರಡನೆಯ ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಷಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ರೈಲು ಹಳಿಗೆ ಹತ್ತಿರವಿರುವ ನಮ್ಮ ವಾದ್ಯ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಹಾಜರಿದ್ದವರು ಅಂಗಡಿಯ ಯಜಮಾನರು, ಬೋಲಿಂಗ್‌ಬ್ರೂಕ್‌ನಿಂದ ಬಂದ ಒಬ್ಬ ಹುಡುಗಿ ಮತ್ತು ನಾನು. ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ, ಅದರೊಳಗೆ ಎಪ್ಪತ್ತು ವರ್ಷ ದಾಟಿದ ಎಲೆಕ್ಟ್ರಿಕ್ ಗಿಟಾರ್.

ಹುಡುಗಿ ಎಂದು ನಾನು ಕರೆಯುವುದು ನನ್ನ ವಯಸ್ಸಿನ ಕಾರಣದಿಂದ. ಅವಳಿಗೆ ಮೂವತ್ತು ದಾಟಿದೆ, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಇಲ್ಲೇ ಹುಟ್ಟಿ ಬೆಳೆದವಳು. ಮಿಷಿಗನ್‌ನಲ್ಲಿ ಓದುವಾಗ ಲಿವೋನಿಯಾದ ಹಿರಿಯ ಬ್ಲೂಸ್ ವಾದಕರೊಬ್ಬರ ಬಳಿ ಗಿಟಾರ್ ಕಲಿತಳು. ಈ ಗಿಟಾರ್ ಆ ಗುರುವಿನದು. ಅವರು ಹಿರಿಯರ ವಸತಿಗೆ ಸೇರಿದಾಗ, ಕೋಣೆ ಚಿಕ್ಕದು ಎಂದು ಇವಳ ವಶಕ್ಕೆ ಕೊಟ್ಟಿದ್ದರು.

"ಆಂಟಿ, ಲಾಸ್ಟ್ ವೀಕ್ ಕೂಡ ಸ್ವಲ್ಪ ಸೌಂಡ್ ಬರ್ತಿತ್ತು. ನಿನ್ನೆ ಪ್ಲಗ್ ಇನ್ ಮಾಡಿದ್ರೆ ನಥಿಂಗ್. ಟೋಟಲಿ ಡೆಡ್."

"ಯಾವಾಗ ಬೇಕು?"

"ಇವತ್ತೇ. ನಾಲ್ಕು ಗಂಟೆಗೆ ಲಿವೋನಿಯಾಗೆ ಹೊರಡ್ಬೇಕು. ಅಲ್ಲಿ ಒಂದು ಗಂಟೆ ಮುಂದೆ ಬೇರೆ."

ಎರಡನೆಯ ಮಹಾಯುದ್ಧದ ನಂತರ ಎಲೆಕ್ಟ್ರಿಕ್ ಗಿಟಾರ್ ಬೆಳೆದು ಬಂದ ಬಗೆಯನ್ನು ಕುರಿತು ಅಲ್ಲಿನ ಗ್ರಂಥಾಲಯವೊಂದರಲ್ಲಿ ಶನಿವಾರ ಬೆಳಿಗ್ಗೆ ಒಂದು ಪ್ರದರ್ಶನ ಶುರುವಾಗುವುದಿತ್ತು. ಗುರು ತಮ್ಮ ಈ ಗಿಟಾರ್‌ನಲ್ಲಿ ಎರಡು ಹಾಡು ನುಡಿಸುವವರಿದ್ದರು. ಅವರಿಗೆ ತೊಂಬತ್ತೊಂದು. ಮುಂದಿನ ವಾರ ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಮತ್ತೆ ತಂತಿ ಮೀಟುವ ಭರವಸೆಯನ್ನು ಯಾವ ಡಾಕ್ಟರೂ ಕೊಟ್ಟಿರಲಿಲ್ಲ. ಬೇರೆ ಗಿಟಾರ್ ತಂದುಕೊಡುತ್ತೇವೆಂದರೆ, "ಹಾಗಾದರೆ ನನ್ನ ಫೋಟೋ ತೂಗುಹಾಕಿ, ನಾನು ಬರುವುದಿಲ್ಲ" ಎಂದಿದ್ದರಂತೆ.

"ಬಾಯಾರ, ಒಲ್ಲೆ ಅನ್ನಬ್ಯಾಡ್ರಿ," ಎಂದರು ಯಜಮಾನರು. ಹುಬ್ಬಳ್ಳಿಯವರು. ಹಾರ್ಮೋನಿಯಂ ರಿಪೇರಿಯ ಮನೆತನ. ನನ್ನನ್ನು ಮೊದಲ ದಿನದಿಂದ ಬಾಯಾರ ಎಂದೇ ಕರೆಯುತ್ತಾರೆ. "ನಾ ಆಗಲೇ ಹೂಂ ಅಂದೇನಿ."

"ನೀವು ಹೂಂ ಅನ್ನದ ಕೆಲಸ ಯಾವುದಿದೆ?"

"ಇನ್ನೊಂದು ಮಾತೈತಿ. ಪ್ರದರ್ಶನದವರು ಫೋನ್ ಮಾಡಿದ್ರು. ಎಲ್ಲಾ ಒರಿಜಿನಲ್ ಇರಬೇಕಂತ. ಒಂದು ಸ್ಕ್ರೂ ಬದಲ್ ಮಾಡಿದ್ರೂ ಅವರಿಗೆ ಹೇಳಬೇಕಂತ."

ನಾನು ಏಪ್ರನ್ ಕಟ್ಟಿಕೊಂಡೆ. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ತಾಮ್ರದ ಸುರುಳಿ ಸುತ್ತುವ ವಿಭಾಗದಲ್ಲಿ ಕಲಿತ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ: ಮೊದಲು ನೋಡು, ಮೂಸು, ಅಳೆ, ಆಮೇಲೆ ಮುಟ್ಟು.

ಪೆಟ್ಟಿಗೆ ತೆರೆದ ಕೂಡಲೇ ಕರ್ಪೂರದ ವಾಸನೆ ಮುಖಕ್ಕೆ ಹೊಡೆಯಿತು. ಗಿಟಾರ್‌ನ ಹೊಟ್ಟೆಯ ಮೇಲೆ ಒಣಗಿದ ಕುಂಕುಮದ ಬೊಟ್ಟು, ಕುತ್ತಿಗೆಯ ಬಳಿ ಅರಿಸಿನದ ಗುರುತು.

"ಆಯುಧಪೂಜೆ," ಎಂದಳು ಹುಡುಗಿ, ಕಣ್ಣು ಮೇಲಕ್ಕೆ ತಿರುಗಿಸಿ. "ಅಮ್ಮ ಎವ್ವೆರಿ ಇಯರ್ ಮಾಡ್ತಾರೆ. ಲ್ಯಾಪ್‌ಟಾಪ್, ಲಾನ್ ಮೋವರ್, ಗಿಟಾರ್, ಎಲ್ಲದಕ್ಕೂ."

ವಾಸನೆಯ ಲೆಕ್ಕ ಅಲ್ಲಿಗೆ ಮುಗಿಯಿತು. ದಸರೆ ಕಳೆದು ಒಂದು ವಾರವಷ್ಟೇ. ಕರ್ಪೂರದ ವಾಸನೆ ಇರದಿದ್ದರೇ ಆಶ್ಚರ್ಯವಾಗಬೇಕಿತ್ತು.

ಮುಂದೆ ಅಳತೆ. ಎಲೆಕ್ಟ್ರಿಕ್ ಗಿಟಾರ್‌ನ ಜೀವವಿರುವುದು ತಂತಿಗಳ ಕೆಳಗಿನ ಪಿಕಪ್‌ನಲ್ಲಿ. ಅದೊಂದು ಅಯಸ್ಕಾಂತ, ಅದರ ಸುತ್ತ ತಲೆಗೂದಲಿಗಿಂತ ತೆಳುವಾದ ತಾಮ್ರದ ಎಳೆ, ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸದ್ದು ಮಾಡುತ್ತದೆ. ಎಳೆ ಎಲ್ಲಾದರೂ ಒಂದು ಕಡೆ ತುಂಡಾದರೂ ಗಿಟಾರ್ ಮೂಕ. ಮೀಟರ್‌ನ ಎರಡು ಕಡ್ಡಿ ಹಚ್ಚಿದೆ. ಮುಳ್ಳು ಅಲುಗಲಿಲ್ಲ.

ಪಿಕಪ್‌ನ ಪಕ್ಕದ ಸ್ಕ್ರೂಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ನೀರು ಬಿದ್ದಿದೆ ಎಂದುಕೊಂಡೆ. ಪೂಜೆಯಲ್ಲಿ ನೀರು ಪ್ರೋಕ್ಷಿಸುವುದು ಎಲ್ಲರಿಗೂ ಗೊತ್ತಿರುವುದೇ. ಮಂತ್ರಕ್ಕೆ ಮೂರು ಸಲ.

"ನಿಮ್ಮಮ್ಮ ನೀರು ಹಾಕ್ತಾರಾ?"

ಅವಳ ಮುಖ ಕೆಂಪಾಯಿತು. ಅಲ್ಲೇ ಫೋನ್ ತೆಗೆದಳು. "ಅಮ್ಮಾ, ಯು ರೂಯಿನ್ಡ್ ಇಟ್. ಹೌ ಮೆನಿ ಟೈಮ್ಸ್ ಐ ಟೋಲ್ಡ್ ಯು, ಅದು ದೇವರ ಸಾಮಾನಲ್ಲ ಅಂತ? ನಾಳೆ ಅವರು ನುಡಿಸ್ಬೇಕು, ಅಮ್ಮ. ನಾಳೆ!" ಆ ಕಡೆಯ ಮಾತು ಕೇಳಿಸಲಿಲ್ಲ. ಇವಳು ಫೋನಿಟ್ಟು ಹೇಳಿದಳು: "ಬರ್ತಾರಂತೆ. ಗ್ರೇಟ್."

ಒಳಗೆ ತೇವ ಇಳಿದಿದ್ದರೆ ಮೊದಲು ಒಣಗಿಸಬೇಕು. ಒದ್ದೆ ಸುರುಳಿಯನ್ನು ಬಿಚ್ಚಿದರೆ ಎಳೆಗೆ ಎಳೆ ಅಂಟಿ ಕಿತ್ತುಬರುತ್ತದೆ. ಗಿಟಾರ್‌ನ ತಂತಿಗಳನ್ನು ಸಡಿಲಿಸಿ, ಒಣಗಿಸುವ ದೀಪವನ್ನು ಒಂದು ಅಡಿ ಮೇಲೆ ನಿಲ್ಲಿಸಿ ಹಚ್ಚಿದೆ. ನಿಧಾನವಾದ ಬಿಸಿ. ಹತ್ತಾರು ಸಲ ಮಾಡಿದ ಕೆಲಸ. ಯಜಮಾನರು ಚಹಾ ತಂದರು. ಹುಡುಗಿ ಗಡಿಯಾರ ನೋಡುತ್ತ ಅತ್ತಿತ್ತ ಓಡಾಡಿದಳು. ವಾಸನೆ ಹೆಚ್ಚಾಗುತ್ತ ಹೋಯಿತು.

"ನಮ್ಮ ಮನಿ ಬಾಜೂಕ ಗುಡಿ ಇತ್ತರೀ," ಎಂದರು ಯಜಮಾನರು, ಚಹಾ ಹೀರುತ್ತ. "ಈ ವಾಸನಿ ಬಂತಂದ್ರ ಸಂಜಿ ಆತು, ಆಟ ಬಿಟ್ಟು ಮನೀಗೆ ಹೋಗಬೇಕು ಅಂತ ಲೆಕ್ಕ. ಈಗ್ಲೂ ನೋಡ್ರಿ, ಎದ್ದು ಹೋಗಬೇಕು ಅನಸ್ತೈತಿ."

ಹತ್ತೂವರೆಗೆ ತಾಯಿ ಬಂದರು. ಅರವತ್ತರ ಆಸುಪಾಸು, ಸ್ವೆಟರ್ ಮೇಲೆ ಕೋಟು, ಉಸಿರು ಮೇಲುಸಿರು. ಮಗಳ ಕಡೆ ನೋಡದೆ ನೇರ ನನ್ನ ಹತ್ತಿರ ಬಂದರು.

"ನೋಡಿ, ನಾನು ನೀರು ಗೀರು ಏನೂ ಹಾಕಿಲ್ಲ. ಕುಂಕುಮ ಇಟ್ಟೆ, ಹೂವ ಇಟ್ಟೆ, ಅಷ್ಟೇ. ಇವಳ ಗುರುಗಳ ವಾದ್ಯ ಅಂತ ನನಗೂ ಗೊತ್ತು."

"ಮತ್ತೆ ಮಂಗಳಾರತಿ? ಇಡೀ ಕೇಸ್ ಕರ್ಪೂರ ಕರ್ಪೂರ ಅಂತಿದೆ!" ಎಂದಳು ಮಗಳು.

"ಕರ್ಪೂರಾನಾ?" ತಾಯಿ ಈಗ ತಿರುಗಿ ನಿಂತರು. "ನಮ್ಮನೇಲಿ ಕರ್ಪೂರ ಹಚ್ಚಿ ಎಷ್ಟು ವರ್ಷ ಆಯ್ತೇ? ಗೃಹಪ್ರವೇಶದ ದಿನ ಸ್ಮೋಕ್ ಅಲಾರಂ ಹೊಡ್ಕೊಂಡು, ಫೈರ್ ಟ್ರಕ್ ಬಂದು, ಇಡೀ ಸಬ್‌ಡಿವಿಷನ್ ನೈಟಿ ಹಾಕ್ಕೊಂಡು ಹೊರಗೆ ನಿಂತಿತ್ತಲ್ಲ, ಮರೆತ್ಯಾ? ಅವತ್ತೇ ನಿಮ್ಮಪ್ಪ ಡಬ್ಬಿ ಸಮೇತ ಗಾರ್ಬೇಜ್‌ಗೆ ಎಸೆದ್ರು. ಅವತ್ತಿಂದ ಎರಡು ತುಪ್ಪದ ಬತ್ತಿ. ಅದೂ ಅಡುಗೆಮನೆ ಫ್ಯಾನ್ ಕೆಳಗೆ."

ನಾನು ಕೈ ನೀಡಿ ದೀಪ ಆರಿಸಿದೆ.

"ಯಜಮಾನರೇ, ಹಿಂದಿನ ಬಾಗಿಲು ತೆಗೀರಿ. ಬೆಸುಗೆಯ ಸ್ವಿಚ್ ಆರಿಸಿ. ಈಗಲೇ."

ನನ್ನ ದನಿ ಕೇಳಿ ಅವರು ಚಹಾದ ಲೋಟ ಕೈಯಲ್ಲಿ ಹಿಡಿದೇ ಓಡಿದರು.

ಹಳೆಯ ಗಿಟಾರ್‌ಗಳಲ್ಲಿ ತಂತಿಗಳ ಪಕ್ಕಕ್ಕೆ, ಬೆರಳು ತಾಗಿ ಮರ ಸವೆಯದಂತೆ, ಒಂದು ಫಲಕ ಇರುತ್ತದೆ. ಆಮೆಯ ಚಿಪ್ಪಿನ ಹಾಗೆ ಕಂದು ಮಚ್ಚೆಗಳ, ನೋಡಲು ಚಂದದ ವಸ್ತು. ಆ ಕಾಲದಲ್ಲಿ ಅದನ್ನು ಮಾಡುತ್ತಿದ್ದುದು ಸೆಲ್ಯುಲಾಯ್ಡ್‌ನಿಂದ. ಹತ್ತಿಯ ನಾರನ್ನು ಆಮ್ಲದಲ್ಲಿ ಹದಮಾಡಿ, ಅದಕ್ಕೆ ಕರ್ಪೂರ ಕಲಸಿ ತಯಾರಿಸುವ ಪ್ಲಾಸ್ಟಿಕ್. ಅದು ಹಾಳಾಗಲು ಶುರುವಾದರೆ ಮೊದಲು ಕರ್ಪೂರ ಹೊರಬರುತ್ತದೆ. ಹಿಂದೆಯೇ ಆಮ್ಲದ ಆವಿ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಹತ್ತಿರದ ಲೋಹವನ್ನೆಲ್ಲ ತಿನ್ನುತ್ತದೆ. ಬೆಂಕಿ ಸೋಕಿದರೆ ಫಲಕ ಒಂದೇ ಉಸಿರಿಗೆ ಉರಿದುಹೋಗುತ್ತದೆ. ಅಂಥದ್ದನ್ನು ನಾನು ಮುಕ್ಕಾಲು ಗಂಟೆ ದೀಪದ ಕೆಳಗೆ ಕಾಯಿಸಿದ್ದೆ.

ಈ ಊರಿನ ಬೇರೆ ಯಾವ ರಿಪೇರಿಯವನಾದರೂ ಪೆಟ್ಟಿಗೆ ತೆರೆದ ತಕ್ಷಣ ಮೂಗು ಮುಚ್ಚಿಕೊಂಡು ಮೊದಲು ಫಲಕವನ್ನು ನೋಡುತ್ತಿದ್ದ. ನಮಗೆ ಮೂವರಿಗೂ ಅದು ಪರಿಚಿತ ವಾಸನೆ. ಪರಿಚಿತವಾದುದನ್ನು ಯಾರೂ ವಿಚಾರಿಸುವುದಿಲ್ಲ. ಮೂಸಿದೆ, ಆದರೆ ಮೂಸಿದ್ದನ್ನು ಪರೀಕ್ಷಿಸಲಿಲ್ಲ.

ಕೈಗವಸು ಹಾಕಿ, ಗಿಟಾರ್ ಅನ್ನು ತೆರೆದ ಬಾಗಿಲ ಬಳಿಗೆ ಒಯ್ದೆ. ಹೊರಗೆ ಐವತ್ತು ಡಿಗ್ರಿ ಫ್ಯಾರನ್‌ಹೀಟಿನ ತಂಪು ಗಾಳಿ. ಬೆಳಕಿಗೆ ಓರೆ ಹಿಡಿದಾಗ ಕಂಡಿತು: ಫಲಕದ ಅಂಚು ಬೆವರಿದಂತೆ ಒದ್ದೆ, ಪಿಕಪ್‌ಗೆ ತಾಗಿಕೊಂಡ ಮೂಲೆಯಲ್ಲಿ ಬಿರುಕುಗಳ ಜಾಲ. ಕಿಲುಬು ಇದ್ದುದು ಆ ಬದಿಯ ಸ್ಕ್ರೂಗಳಿಗೆ ಮಾತ್ರ.

"ಇದನ್ನ ತೆಗೀಬೇಕು. ಮತ್ತೆ ಹಾಕೋ ಹಾಗಿಲ್ಲ," ಎಂದೆ.

ತಾಯಿ ಮಗಳ ಕಡೆ ನೋಡಿದರು. "ನಂದಲ್ಲ ತಪ್ಪು?"

"ನಿಮ್ಮದಲ್ಲ."

"ಕೇಳಿಸ್ತಾ?"

"ಸಾರಿ, ಅಮ್ಮ," ಎಂದಳು ಮಗಳು. ಆದರೆ ಅವಳ ಗಮನವೆಲ್ಲ ಫಲಕದ ಮೇಲಿತ್ತು. "ಆಂಟಿ, ಅದಿಲ್ಲದೆ ಅವರಿಗೆ ಪ್ಲೇ ಮಾಡೋಕಾಗಲ್ಲ. ಅವರ ಕಿರುಬೆರಳು ಅದರ ಮೇಲೇ ರೆಸ್ಟ್ ಆಗುತ್ತೆ. ಕೈ ಈಗ ತಾನಾಗೇ ನಿಲ್ಲಲ್ಲ."

"ಬಾಯಾರ," ಯಜಮಾನರು ತಲೆ ಕೆರೆದುಕೊಂಡರು, "ಒರಿಜಿನಲ್ ಅಂದಾರ ಅವರು. ನಾಳೆ ಒಂದಿನ ಇರಲಿ ಬಿಡ್ರಿ. ಪ್ರದರ್ಶನ ಮುಗಿದ ಮ್ಯಾಲೆ ತಗದ್ರಾತು."

ದಿನದ ನಿರ್ಧಾರ ಇದೇ ಆಗಿತ್ತು. ಫಲಕವಿಟ್ಟು ಸುರುಳಿಯನ್ನು ಸರಿಮಾಡಿದರೆ ಇನ್ನೂರ ಎಂಬತ್ತು ಮೈಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಆವಿ, ಮೇಲೆ ವೇದಿಕೆಯ ದೀಪಗಳ ಬಿಸಿ. ಎರಡನೆಯ ಹಾಡಿನ ನಡುವೆ ಎಳೆ ಕಡಿದರೆ ಆ ಮನುಷ್ಯನಿಗೆ ಇನ್ನೊಂದು ಅವಕಾಶವಿಲ್ಲ. ಫಲಕ ತೆಗೆದರೆ ಪ್ರದರ್ಶನದವರು ಒಪ್ಪದಿರಬಹುದು, ವಾದಕರ ಕೈಗೂ ಆಸರೆ ತಪ್ಪಬಹುದು.

"ಫಲಕದ ಜೊತೆ ಇದು ನನ್ನ ಮೇಜಿನಿಂದ ಹೊರಗೆ ಹೋಗಲ್ಲ," ಎಂದೆ. "ಬೇಡ ಅಂದ್ರೆ ಹಾಗೇ ತಗೊಂಡು ಹೋಗಿ. ಆದರೆ ಕೇಳಬೇಕಾದ್ದು ನನ್ನನ್ನಲ್ಲ, ಅವರನ್ನ."

ಹುಡುಗಿ ಗುರುವಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಅವರ ಇಂಗ್ಲಿಷ್ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದನಿ ಒರಟು, ಮಾತು ನಿಧಾನ. ನಾನು ವಿಷಯವನ್ನು ಇದ್ದ ಹಾಗೆ ಹೇಳಿದೆ. ದೀಪದ ಸಂಗತಿಯನ್ನೂ ಹೇಳಿದೆ.

"ಹಾಗಾದರೆ ಸುಟ್ಟೇಬಿಡುತ್ತಿದ್ದೆ ಅನ್ನು," ಎಂದರು.

"ಹತ್ತಿರ ಬಂದಿದ್ದೆ."

ಅವರು ನಕ್ಕರು, ನಕ್ಕು ಕೆಮ್ಮಿದರು. "ಮಗಳೇ, ನಾನು ಮೊದಲು ಮರದ ಗಿಟಾರ್ ಇಟ್ಟುಕೊಂಡಿದ್ದೆ. ಯುದ್ಧ ಮುಗಿದಿತ್ತು, ಕಾರ್ಖಾನೆಗಳಲ್ಲಿ ಕೆಲಸವಿತ್ತು, ವಾರದ ಸಂಬಳದ ದಿನ ಹೆಂಡದಂಗಡಿ ತುಂಬಿ ತುಳುಕುತ್ತಿತ್ತು. ಪಿಯಾನೋ ಒಂದು ಕಡೆ, ಡ್ರಮ್ ಒಂದು ಕಡೆ, ಜಗಳ ಒಂದು ಕಡೆ. ನಾನು ಹೊಡೆದದ್ದು ನನಗೇ ಕೇಳುತ್ತಿರಲಿಲ್ಲ. ಷಿಕಾಗೋದಲ್ಲಿ ಒಬ್ಬ ಕರೆಂಟಿನ ಗಿಟಾರ್ ನುಡಿಸುವುದನ್ನು ನೋಡಿದೆ. ಒಂದು ತಂತಿ ಎಳೆದ, ಜಗಳವಾಡುವವರು ತಿರುಗಿ ನೋಡಿದರು. ಮರುತಿಂಗಳು ಬಸ್ಸಿನಲ್ಲಿ ಹೋಗಿ ಇದನ್ನು ತಂದೆ. ಚಂದಕ್ಕೆ ತಂದದ್ದಲ್ಲ. ಕೇಳಿಸಲಿ ಅಂತ ತಂದದ್ದು."

"ಫಲಕ?"

"ತೆಗೆ. ಕಿರುಬೆರಳಿಗೆ ಅದೇ ಎತ್ತರದಲ್ಲಿ ಏನಾದರೂ ಕೊಡು. ಮನೆಯ ಹೆಂಚಾದರೂ ಆಗುತ್ತದೆ. ಆದರೆ ಪಿಕಪ್ ಬದಲಿಸಬೇಡ. ಅದು ನನ್ನ ಗಂಟಲು."

ಪ್ರದರ್ಶನದವರ ಫೋನನ್ನು ಯಜಮಾನರು ತಾವೇ ಮಾಡಿದರು. ಮುಂದಿನ ಕೋಣೆಯಿಂದ ಅವರ ಇಂಗ್ಲಿಷ್ ಕೇಳುತ್ತಿತ್ತು, ಮೊದಲು ಮೆತ್ತಗೆ, ಆಮೇಲೆ ಹುಬ್ಬಳ್ಳಿಯ ಜೋರಿನಲ್ಲಿ. ಬಂದು ಹೇಳಿದರು: "ಒಪ್ಪಿದ್ರು. ಹಳೇ ಫಲಕದ ಫೋಟೋ ಕೊಡ್ರಿ ಅಂದ್ರು. ಗ್ವಾಡಿಗೆ ತೂಗಹಾಕೋದು ಬ್ಯಾರೆ, ಬಾರಸೋದು ಬ್ಯಾರೆ, ಯಾವುದು ಬೇಕು ಹೇಳ್ರಿ ಅಂದೆ."

ಫಲಕವನ್ನು ಬಿಚ್ಚುವ ಮೊದಲು ಅದರ ಅಂಚನ್ನು ಕಾಗದದ ಮೇಲೆ ಗುರುತಿಸಿಕೊಂಡೆವು. ಬಿಚ್ಚುವಾಗಲೇ ಮೂಲೆ ಪುಡಿಯಾಯಿತು. ಉಳಿದದ್ದನ್ನು ಕಾಗದದ ಚೀಲದಲ್ಲಿ ಸಡಿಲವಾಗಿಟ್ಟು ಕಟ್ಟಡದಿಂದ ದೂರ, ಸಿಮೆಂಟ್ ನೆಲದ ಮೇಲಿಟ್ಟೆ. ಪೆಟ್ಟಿಗೆಯೂ ಆವಿ ಕುಡಿದಿತ್ತು. ಅದನ್ನೂ ಹೊರಗಿಟ್ಟೆವು. ಯಜಮಾನರು ತೆಳು ಮೇಪಲ್ ಹಲಗೆಯಲ್ಲಿ ಹೊಸ ಫಲಕ ಕೊರೆಯಲು ಕುಳಿತರು. ತಾಯಿ ಅವರ ಪಕ್ಕದಲ್ಲಿ ನಿಂತು ಉಸ್ತುವಾರಿ ಮಾಡಿದರು.

"ಈ ಕಡೆ ಸ್ವಲ್ಪ ಡೊಂಕು."

"ಹಳೇದೂ ಡೊಂಕೇ ಇತ್ತರೀ, ಅಮ್ಮಾರ."

"ಇರಬಹುದು. ನೀವು ಮಾಡ್ತಿರೋದು ಹೊಸದಲ್ವಾ?"

ನಾನು ಪಿಕಪ್ ಬಿಚ್ಚಿದೆ. ಹೊರಗಿನ ಪಟ್ಟಿ ತೆಗೆದಾಗ ಸುರುಳಿಯ ಮೇಲ್ಮೈ ಕಂದು ಬಣ್ಣದ ಬದಲು ಹಸಿರು ಬಣ್ಣಕ್ಕೆ ತಿರುಗಿತ್ತು. ಎರಡು ದಾರಿ ಇದ್ದವು. ಎಲ್ಲವನ್ನೂ ಕತ್ತರಿಸಿ ತೆಗೆದು ಹೊಸ ಎಳೆ ಸುತ್ತುವುದು ಸುಲಭ, ಭದ್ರ. ಆದರೆ ಎಪ್ಪತ್ತು ವರ್ಷದ ಹಿಂದೆ ಯಾರದೋ ಕೈ ಆ ಎಳೆಯನ್ನು ಎಷ್ಟು ಬಿಗಿಯಾಗಿ, ಎಷ್ಟು ಅಡ್ಡಾದಿಡ್ಡಿಯಾಗಿ ಹಾಯಿಸಿತ್ತೋ, ದನಿ ಇರುವುದು ಅದರಲ್ಲೇ. ಅದನ್ನು ನನ್ನ ಕಾರ್ಖಾನೆಯ ಶಿಸ್ತಿನ ಸುತ್ತು ಕೊಡಲಾರದು. ಆಮ್ಲ ಹೊರಗಿನಿಂದ ಒಳಕ್ಕೆ ತಿನ್ನುತ್ತದೆ. ಒಳಗಿನ ಪದರಗಳು ಚೆನ್ನಾಗಿದ್ದರೆ ಕೆಟ್ಟದ್ದನ್ನಷ್ಟೇ ಬಿಚ್ಚಿ, ಅಷ್ಟಕ್ಕೆ ಮಾತ್ರ ಹೊಸ ಎಳೆ ಸೇರಿಸಬಹುದು. ಅದೇ ಸರಿ ಎಂದು ತೀರ್ಮಾನಿಸಿದೆ.

ಸುರುಳಿಯನ್ನು ಸುತ್ತುವ ಯಂತ್ರಕ್ಕೆ ಹಿಮ್ಮುಖವಾಗಿ ಕೂರಿಸಿದೆ. ಭೂತಗನ್ನಡಿ ಎಳೆದುಕೊಂಡು ಹೊರ ತುದಿಯನ್ನು ಹುಡುಕಿದೆ. ಸಿಕ್ಕಿತು, ಒಂದೆರಡು ಸುತ್ತು ಬಂತು, ತುಂಡಾಯಿತು. ಮತ್ತೆ ಹುಡುಕಿದೆ. ಮತ್ತೆ ತುಂಡು. ಒಂದೊಂದು ಚೂರನ್ನೂ ಬಿಳಿ ತಟ್ಟೆಯಲ್ಲಿ ಹಾಕುತ್ತ ಹೋದೆ. ಅವುಗಳ ತೂಕ ನೋಡಿ ಅಷ್ಟೇ ತೂಕದ ಹೊಸ ಎಳೆ ಸುತ್ತುವುದು ನನ್ನ ಯೋಜನೆ. ಚೂರುಗಳಲ್ಲಿ ಸುತ್ತು ಎಣಿಸಲು ಸಾಧ್ಯವಿಲ್ಲ.

ಹನ್ನೆರಡಾಯಿತು. ಹಸಿರು ಹೋಗಲಿಲ್ಲ. ಮೀಟರ್ ಹಚ್ಚಿದರೆ ಮುಳ್ಳು ಮಲಗೇ ಇತ್ತು.

"ಆಂಟಿ, ಒಳಗಡೆನೂ ಹೋಗಿದ್ರೆ?"

"ಹೋಗಿದ್ರೆ ಹೋಗಿದೆ. ಮಾತಾಡಿಸಬೇಡ."

ಒರಟಾಗಿ ಹೇಳಿದೆ. ಆದರೆ ಆ ಎಳೆಯ ಮೇಲೆ ಉಸಿರು ಬಿದ್ದರೂ ಕಡಿಯುತ್ತಿತ್ತು.

ಊಟಕ್ಕೆ ನಾನು ಏಳಲಿಲ್ಲ. ಒಂದು ಗಂಟೆ ದಾಟಿದ ಮೇಲೆ, ಭೂತಗನ್ನಡಿಯಲ್ಲಿ ಎಳೆಯ ಬಣ್ಣ ಬದಲಾದುದು ಕಂಡಿತು. ಹಸಿರು ತೆಳುವಾಗಿ, ಕಂದಾಗಿ, ಆಮೇಲೆ ಹೊಳೆಯುವ ತಾಮ್ರ. ತುದಿಯ ಲೇಪವನ್ನು ಕೆರೆದು ಮೀಟರ್ ಹಚ್ಚಿದೆ. ಮುಳ್ಳು ಎದ್ದಿತು.

"ಎದ್ತು! ಎದ್ತು!" ತಾಯಿ ಕೂಗಿದರು.

ಹುಡುಗಿ ನನ್ನ ಹೆಗಲು ಹಿಡಿದುಕೊಂಡಳು. ನಾನು ಅವಳ ಕೈಯನ್ನು ಮೆಲ್ಲನೆ ಸರಿಸಿದೆ. ಕಾರ್ಖಾನೆಯಲ್ಲಿ ನಮ್ಮ ಮೇಲ್ವಿಚಾರಕಿಯೊಬ್ಬರು ಹೇಳುತ್ತಿದ್ದರು: ಮೀಟರ್ ಒಪ್ಪಿದ ಜಾಗದಲ್ಲಿ ನಿಲ್ಲಬೇಡ, ಕಣ್ಣು ಒಪ್ಪುವ ಜಾಗಕ್ಕೆ ಹೋಗಿ ನಿಲ್ಲು. ಇಲ್ಲಿ ಬೆಸೆದರೆ ಇವತ್ತು ದನಿ ಬರುತ್ತದೆ. ನಾಳೆ? ಮುಂದೆ ಬಿಚ್ಚಿದಷ್ಟೂ ಹಳೆಯ ಎಳೆ ಕಡಿಮೆಯಾಗುತ್ತದೆ, ಅವರ ಗಂಟಲು ಅಷ್ಟು ಬದಲಾಗುತ್ತದೆ. ಇನ್ನೊಂದು ಪದರ ಬಿಚ್ಚಿದೆ. ಅದರಲ್ಲಿ ಒಂದು ಕಡೆ ಸೂಜಿಮೊನೆಯಷ್ಟು ಹಸಿರು ಚುಕ್ಕೆ ಸಿಕ್ಕಿತು. ಅದನ್ನು ದಾಟಿ ಇನ್ನೂ ಒಂದು ಪದರ. ಚುಕ್ಕೆಯಿಲ್ಲ. ನಿಲ್ಲಿಸಿದೆ.

ಬೆಸುಗೆ ಈ ಕೆಲಸದ ಅತಿ ಕಷ್ಟದ ಭಾಗ. ಹಳೆಯ ತುದಿ, ಹೊಸ ತುದಿ, ಎರಡನ್ನೂ ಹೊಸೆದು, ಸೀಸದ ಒಂದು ಹನಿ ಮುಟ್ಟಿಸಿ, ತೆಳು ಕಾಗದದ ಚೂರಿನಲ್ಲಿ ಸುತ್ತಬೇಕು. ಮೊದಲ ಸಲ ಬಿಸಿ ಹೆಚ್ಚಾಗಿ ಹೊಸ ತುದಿ ಕರಗಿಹೋಯಿತು. ಎರಡನೆಯ ಸಲ ಹೊಸೆಯುವಾಗಲೇ ಹಳೆಯದು ಕಡಿದು ಅರ್ಧ ಸುತ್ತು ಹೋಯಿತು. ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ಎದ್ದು ಹೋಗಿ, ತಣ್ಣೀರಿನಲ್ಲಿ ಬೆರಳು ತೊಳೆದು ಬಂದೆ. ಹೊರಗೆ ರೈಲೊಂದು ಹಾದುಹೋಗುವವರೆಗೆ ಕಾದೆ. ಅದರ ಅದುರು ಮೇಜಿಗೆ ಬರುತ್ತದೆ. ಮೂರನೆಯ ಸಲ ಹಿಡಿಯಿತು.

ತಟ್ಟೆಯ ಚೂರುಗಳನ್ನು ತೂಗಿ, ಅಷ್ಟೇ ತೂಕದ ಎಳೆಯನ್ನು ಬೆರಳ ನಡುವೆ ಹಾಯಿಸುತ್ತ ಸುತ್ತಿದೆ. ಮೀಟರ್ ನೋಡಿದೆ. ಮುಳ್ಳು ಇರಬೇಕಾದ ಜಾಗಕ್ಕೆ ಹೋಗಿ ಗಟ್ಟಿಯಾಗಿ ನಿಂತಿತು. ಆಗ ಮೂರೂವರೆ ದಾಟಿತ್ತು. ಯಜಮಾನರ ಫಲಕವೂ ಸಿದ್ಧವಾಗಿತ್ತು, ಕೆಳಗೆ ಬೆಂಡಿನ ತುಣುಕಿಟ್ಟು ಹಳೆಯದರ ಎತ್ತರಕ್ಕೆ ಏರಿಸಿದ್ದು. ಪಿಕಪ್ ಕೂರಿಸಿ, ಕಿಲುಬು ಹಿಡಿದ ಹಳೆಯ ತಂತಿಗಳನ್ನು ತೆಗೆದು, ಅದೇ ದಪ್ಪದ ಹೊಸ ತಂತಿ ಏರಿಸಿ ಶ್ರುತಿ ಮಾಡಿದೆ. ಹುಡುಗಿ ಆಂಪ್ಲಿಫೈಯರ್‌ಗೆ ವೈರ್ ಸಿಕ್ಕಿಸಿ, ದಪ್ಪ ತಂತಿಯನ್ನು ಒಮ್ಮೆ ಮೀಟಿದಳು.

ಕೋಣೆ ತುಂಬಿತು. ಕಪಾಟಿನ ಮೇಲಿನ ಡಬ್ಬಿಗಳು ಸಣ್ಣಗೆ ನಡುಗಿದವು. ತಾಯಿ ಎರಡು ಹೆಜ್ಜೆ ಹಿಂದೆ ಸರಿದು, "ಇಷ್ಟು ಜೋರಾ ಇದು!" ಎಂದರು. ಅವರು ಮನೆಯಲ್ಲಿ ಅದನ್ನು ಕೇಳಿದ್ದು ಹೆಡ್‌ಫೋನಿನ ಹೊರಗಿನಿಂದ ಮಾತ್ರ.

ನಾಲ್ಕು ಗಂಟೆಯಾಗಿತ್ತು. ಯಜಮಾನರು ಶೆಲ್ಫಿನಿಂದ ಹೊಸ ಪೆಟ್ಟಿಗೆ ಇಳಿಸಿದರು. ನಾನು ಏಪ್ರನ್ ಬಿಚ್ಚುತ್ತಿದ್ದೆ. ಹುಡುಗಿ ಮತ್ತೆ ಗುರುವಿಗೆ ಫೋನ್ ಮಾಡಿ, ಫೋನನ್ನು ಆಂಪ್ಲಿಫೈಯರ್ ಮುಂದೆ ಹಿಡಿದಳು.

"ಹಾಡು ಬೇಡ," ಎಂದಿತು ಒರಟು ದನಿ. "ದಪ್ಪ ತಂತಿ ಒಂದೇ. ಹೊಡೆದು ಬಿಟ್ಟುಬಿಡು. ಅದು ಸಾಯುವವರೆಗೂ ಮುಟ್ಟಬೇಡ."

ಅವಳು ಹೊಡೆದಳು. ದನಿ ಎದ್ದು, ನಿಂತು, ಮೆಲ್ಲಮೆಲ್ಲನೆ ಇಳಿಯಿತು. ಪೂರ್ತಿ ನಿಂತ ಮೇಲೂ ಆ ಕಡೆಯಿಂದ ಮಾತಿಲ್ಲ. ಫೋನ್ ಕಡಿದಿರಬೇಕು ಎಂದುಕೊಂಡು ಅವಳು ಪರದೆ ನೋಡಿದಳು. ಕಡಿದಿರಲಿಲ್ಲ.

"ಇದು ನನ್ನದಲ್ಲ."

ನಾನು ಎಷ್ಟು ಎಳೆ ತೆಗೆದೆ, ಎಷ್ಟು ಸೇರಿಸಿದೆ ಎಂದು ಒಂದೊಂದಾಗಿ ಹೇಳತೊಡಗಿದೆ.

"ಅದಲ್ಲ, ಮಗಳೇ. ಬುಡ ನನ್ನದೇ. ಮೇಲೆ ಯಾರೋ ಚಮಚ ಬಡಿದಂತೆ ಟಣ್ ಅನ್ನುತ್ತಿದೆ. ಹೊಸ ತಂತಿ ಹಾಕಿದೆಯಾ?"

"ಹಾಕಿದೆ. ಹಳೆಯದು ತುಕ್ಕು ಹಿಡಿದಿತ್ತು."

"ದಪ್ಪ ತಂತಿಗಳನ್ನು ನಾನು ಎಂದೂ ಬದಲಿಸಿಲ್ಲ, ಕಡಿದರೆ ಮಾತ್ರ. ಕಾರ್ಖಾನೆಯಿಂದ ನೇರ ಬಂದು ನುಡಿಸುತ್ತಿದ್ದವರು ನಾವು. ಕೈಯ ಎಣ್ಣೆ, ಬೆವರು, ಹುರಿದ ಮೀನು, ಎಲ್ಲ ಆ ತಂತಿಗಳಿಗೇ ಹೋಗುತ್ತಿತ್ತು. ಈ ಹೊಳೆಯುವ ತಂತಿಯಲ್ಲಿ ನನಗೆ ನನ್ನ ಹಾಡು ಸಿಗುವುದಿಲ್ಲ. ಈ ವಸತಿಯವರ ಊಟದ ಗಂಟೆ ಹೊಡೆಯುವವರೆಗೆ ಇಲ್ಲೇ ಕೂತಿರುತ್ತೇನೆ. ಆಮೇಲೆ ಫೋನ್ ಎತ್ತಲು ಬಿಡುವುದಿಲ್ಲ."

ಅಲ್ಲಿ ಊಟ ಆರಕ್ಕೆ. ನಮಗೆ ಐದು.

ದಪ್ಪ ತಂತಿಯ ಮೇಲೆ ಬಿಗಿಯಾಗಿ ಸುತ್ತಿರುವ ಎಳೆಯ ಸಂದುಗಳಲ್ಲಿ ಜಿಡ್ಡು ಕೂತರೆ ಹೊಳಪಿನ ದನಿ ಸಾಯುತ್ತದೆ ಎಂಬುದು ನನಗೆ ಗೊತ್ತಿರುವ ವಿಷಯ. ಅದನ್ನು ತೆಗೆಯುವುದೇ ನನ್ನ ನಿತ್ಯದ ಕೆಲಸ. ಜಿಡ್ಡು ಕೂರಿಸಿ ಎಂದು ಯಾರೂ ಇದುವರೆಗೆ ಕೇಳಿರಲಿಲ್ಲ. ಯಂತ್ರದೆಣ್ಣೆ ಹಚ್ಚಿದರೆ ಕೆಳಗಿನ ಪಿಕಪ್‌ಗೆ ಇಳಿಯುತ್ತದೆ. ಪಿಕಪ್ ಮೇಲೆ ಬಟ್ಟೆ ಹೊದಿಸಿ, ತಂತಿಗಳನ್ನು ಸಡಿಲಿಸಿ, ಎಲ್ಲರನ್ನೂ ಕರೆದೆ.

"ಕೈ ತೊಳೀಬೇಡಿ. ದಪ್ಪ ತಂತಿ ಮೂರು ಮಾತ್ರ. ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಉಜ್ಜಿ."

"ಬಾಯಾರ, ನಿಮಗ ಜ್ವರ ಗಿರ ಬಂದಿಲ್ಲಲ್ಲ?" ಎಂದರು ಯಜಮಾನರು. ಮಧ್ಯಾಹ್ನ ಮಿರ್ಚಿ ತಿಂದ ಕೈಯನ್ನು ಒಮ್ಮೆ ನೋಡಿಕೊಂಡು ಕುಳಿತರು.

ಅವರು ಉಜ್ಜಿದರು. ಹುಡುಗಿ ಉಜ್ಜಿದಳು. ತಾಯಿ ಚೀಲದಿಂದ ಕೈಗೆ ಹಚ್ಚುವ ಕೊಬ್ಬರಿ ಎಣ್ಣೆಯ ಪುಟ್ಟ ಶೀಷೆ ತೆಗೆದು, ಒಂದು ಹನಿಯನ್ನು ಅಂಗೈಗೆ ಹಾಕಿ ಚೆನ್ನಾಗಿ ಒರೆಸಿಕೊಂಡು, ಮಗಳನ್ನು ಬದಿಗೆ ಸರಿಸಿ ಕುಳಿತರು. "ನಿಂದು ಒಣ ಕೈ. ಸ್ಯಾನಿಟೈಸರ್ ಹಾಕಿ ಹಾಕಿ ಏನೂ ಉಳಿದಿಲ್ಲ. ಬಿಡು ಇಲ್ಲಿ." ಅವರ ಉಜ್ಜುವಿಕೆಯಲ್ಲಿ ಹದವಿತ್ತು, ಅವಸರವಿಲ್ಲ, ತಂತಿ ತಿರುಚಲಿಲ್ಲ. ಕೊನೆಗೆ ನಾನೂ ಕೈಗವಸು ಕಳಚಿ ಕುಳಿತೆ. ಉಜ್ಜುವುದು, ಶ್ರುತಿ ಏರಿಸುವುದು, ಮೀಟುವುದು, ಮತ್ತೆ ಇಳಿಸುವುದು. ಟಣ್ ಎನ್ನುವುದು ಸ್ವಲ್ಪ ಸ್ವಲ್ಪವೇ ಮಂಕಾಯಿತು. ಬೆರಳು ಕಪ್ಪಾದವು.

ಐದಕ್ಕೆ ಕೆಲವೇ ನಿಮಿಷ ಇದ್ದಾಗ ಬಟ್ಟೆ ತೆಗೆದು ಶ್ರುತಿ ಕೂರಿಸಿದೆ. ಹುಡುಗಿ ಫೋನ್ ಹಿಡಿದಳು. ಈ ಸಲ ತಂತಿಯನ್ನು ಮೀಟಿದವಳು ನಾನು. ಗಿಟಾರ್ ನುಡಿಸಲು ನನಗೆ ಬರುವುದಿಲ್ಲ. ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಒತ್ತಿ ಬಿಟ್ಟೆ.

ದನಿ ಕೆಳಗಿನಿಂದ ಎದ್ದು ಬಂತು, ತೇವವಿರುವ ಗಂಟಲಿನ ಹಾಗೆ. ನಿಂತಿತು. ಇಳಿಯಿತು. ಅದು ಪೂರ್ತಿ ಸಾಯುವ ಮೊದಲೇ ಫೋನಿನೊಳಗಿನಿಂದ ಇನ್ನೊಂದು ಸದ್ದು ಬಂತು: ಮೇಜಿನ ಮೇಲೆ ಬೆರಳು ತಾಳ ಹಾಕುವುದು. ಒಂದು, ಎರಡು, ಒಂದು, ಎರಡು. ಅದರ ಜೊತೆ ಬಾಯಿಮುಚ್ಚಿ ಗುನುಗುವುದು.

ಅಲ್ಲಿ ಎಲ್ಲೋ ಗಂಟೆ ಬಾರಿಸಿತು. ಗುನುಗು ನಿಂತಿತು. "ನಾಳೆ ಹನ್ನೊಂದಕ್ಕೆ," ಎಂದರು ಅವರು. "ಇನ್ನು ಯಾರೂ ಅದನ್ನು ಒರೆಸಕೂಡದು." ಫೋನಿಟ್ಟರು.

ಹೊಸ ಪೆಟ್ಟಿಗೆಯಲ್ಲಿ ಗಿಟಾರ್ ಮಲಗಿಸಿದೆವು. ಮುಚ್ಚಳವನ್ನು ಪೂರ್ತಿ ಮುಚ್ಚಬಾರದು, ಗಾಳಿಯಾಡಲಿ ಎಂದು ಹೇಳಿದೆ. ಹಾಗಾದರೆ ಯಾರಾದರೂ ಹಿಂದಿನ ಸೀಟಿನಲ್ಲಿ ಕೂತು ಹಿಡಿದುಕೊಳ್ಳಬೇಕು ಎಂದಳು ಹುಡುಗಿ. ಅವಳು ಯಾರ ಕಡೆಯೂ ನೋಡಲಿಲ್ಲ. ತಾಯಿ ಆಗಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಟೂತ್‌ಬ್ರಷ್ ಕೂಡ ತಂದಿಲ್ಲ ನೀನು, ಅಮ್ಮ."

"ಎಕ್ಸಿಟ್‌ನಲ್ಲಿ ನಿಲ್ಲಿಸು, ತಗೋತೀನಿ. ನಡಿ, ಲೇಟಾಯ್ತು."

ಕಾರು ತಿರುಗಿ ಹೋದ ಮೇಲೆ ಯಜಮಾನರು ಮುಂದಿನ ಬಾಗಿಲು ಹಾಕಲು ಹೋದರು. ನಾನು ಮೇಜು ಒರೆಸಿ, ತಾಮ್ರದ ಚೂರುಗಳನ್ನು ಒಂದು ಕವರಿಗೆ ಹಾಕಿ, ಬೆಸುಗೆಯ ಕಡ್ಡಿ ತಣ್ಣಗಾದದ್ದನ್ನು ಮುಟ್ಟಿ ನೋಡಿದೆ. ಆಮೇಲೆ ಕೈ ತೊಳೆದುಕೊಂಡೆ.